ಅಗಸಿ ಮುಂದಿನ ಹದಿನೆಂಟು ನಿಮಿಷ

ಮೊರಬದ ಹೊಳೆಯಪ್ಪ ಮೋಟಾರು ಓಟಗಾರ ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ರೇಶನ್ ಕಾರ್ಡಿನಲ್ಲಿ ಅವನ ಉದ್ಯೋಗ ಕೂಲಿ. ನವಲಗುಂದದವರೆಗೆ ಯಾರನ್ನು ಕೇಳಿದರೂ ಟ್ರ್ಯಾಕ್ಟರ್ ಮಿಸ್ತ್ರಿ ಅನ್ನುತ್ತಾರೆ. ಆದರೂ ಈ ಎರೆಭೂಮಿಯಲ್ಲಿ ಓಟದ ಕಾರನ್ನು ಕೈಯಾರೆ ಕಟ್ಟಿ, ಅದನ್ನು ತಾನೇ ಓಡಿಸಿದ ಮೊದಲ ಮನುಷ್ಯ ಅವನೇ. ಎರಡನೆಯವನು ಇನ್ನೂ ಬಂದಿಲ್ಲವಾದ್ದರಿಂದ ಈ ಪಟ್ಟಕ್ಕೆ ಸದ್ಯಕ್ಕೆ ಕುತ್ತಿಲ್ಲ.

ಅವನದು ಕುರಿ ಕಾಯುವ ಮನೆ. ಅಣ್ಣತಮ್ಮಂದಿರು ಕುರಿಯ ಹಿಂದೆ ಊರೂರು ತಿರುಗಿದರೆ ಇವನಿಗೆ ಚಿಕ್ಕಂದಿನಿಂದ ಎತ್ತು ಮತ್ತು ಗಾಡಿಯ ಹುಚ್ಚು. ಆ ಸೀಮೆಯಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಖಾಲಿ ಗಾಡಿ ಓಡಿಸುವ ಪಂದ್ಯ ನಡೆಯುತ್ತದೆ. ಎರಡು ಎತ್ತು, ಒಂದು ಖಾಲಿ ಗಾಡಿ, ಮೇಲೊಬ್ಬ ಆಳು. ಮುಟ್ಟಬೇಕಾದ ಗೆರೆ ಎಂಬುದೊಂದು ಇಲ್ಲ. ಒಂದು ನಿಮಿಷಕ್ಕೆ ಸೀಟಿ ಊದುತ್ತಾರೆ, ಅಷ್ಟರಲ್ಲಿ ಎಷ್ಟು ದೂರ ಹೋದೆ ಎಂದು ಅಳೆಯುತ್ತಾರೆ. ಕಡಿಮೆ ದೂರ ಹೋದವನನ್ನು ಯಾರೂ ಏನೂ ಅನ್ನುವುದಿಲ್ಲ. ಆದರೆ ಸೀಟಿಗೆ ಮೊದಲೇ ಯಾರ ಎತ್ತು ನಿಂತವೋ, ಅವನು ಅಲ್ಲೇ ಇಳಿದು, ಎತ್ತಿನ ಕೋಡಿನ ಗೊಂಡೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಊರ ಅಗಸಿಯವರೆಗೆ ಎತ್ತುಗಳನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಅಗಸಿ ಎಂದರೆ ಊರಿನ ಹೆಬ್ಬಾಗಿಲು, ನಾಲ್ಕು ಮಂದಿ ಯಾವಾಗಲೂ ಕುಳಿತಿರುವ ಜಾಗ. ಆ ದಾರಿಯುದ್ದಕ್ಕೂ ಜನ ಗೇಲಿ ಮಾಡಿ ಕೂಕಿ ಹೊಡೆಯುತ್ತಾರೆ. ಇದನ್ನು ಯಾರು ಮಾಡಿಟ್ಟರೋ ಗೊತ್ತಿಲ್ಲ, ತಪ್ಪಿಸಿದವರಂತೂ ಇಲ್ಲ.

ಹೊಳೆಯಪ್ಪನಿಗೆ ಇಪ್ಪತ್ತು ತುಂಬಿದ ವರ್ಷ ಅವನ ಎಡಗಡೆಯ ಎತ್ತಿನ ಗೊರಸು ಬೇಸಗೆಯಲ್ಲಿ ಬಾಯಿಬಿಟ್ಟ ನೆಲದ ಬಿರುಕಿನಲ್ಲಿ ಸಿಕ್ಕಿಬಿತ್ತು. ನಲವತ್ತು ಸೆಕೆಂಡಿಗೇ ಗಾಡಿ ನಿಂತಿತು. ತಪ್ಪು ನೆಲದ್ದು, ಆದರೆ ನಡೆದವನು ಹೊಳೆಯಪ್ಪ. ಹೊಲದಿಂದ ಅಗಸಿಗೆ ಅರ್ಧ ಮೈಲಿಯೂ ಇಲ್ಲ. ಅದಕ್ಕಿಂತ ಉದ್ದದ ದಾರಿಯನ್ನು ಅವನು ಆಮೇಲೆ ಯಾವತ್ತೂ ನಡೆಯಲಿಲ್ಲ. ಮರುದಿನ ಎತ್ತುಗಳನ್ನು ಅಣ್ಣನಿಗೆ ಒಪ್ಪಿಸಿ, ನವಲಗುಂದದ ಬಸ್ಸು ಹತ್ತಿ, ಮಹಬೂಬಸಾಬನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ. ಎಂಜಿನ್ನಿಗೆ ಕೋಡಿಲ್ಲ, ಗೊಂಡೆಯಿಲ್ಲ, ಗೊರಸೂ ಇಲ್ಲ ಎಂಬುದು ಅವನಿಗೆ ಬಹಳ ಸಮಾಧಾನ ಕೊಟ್ಟಿರಬೇಕು.

ಹನ್ನೆರಡು ವರ್ಷ ಅಲ್ಲಿ ಕಲಿತ. ಮಹಬೂಬಸಾಬ ಹೊಗಳುವ ಜಾತಿಯ ಮನುಷ್ಯನಲ್ಲ. ಆದರೂ ಶಿಷ್ಯ ಹೊರಟಾಗ ತನ್ನ ಒಳ್ಳೆಯ ಸ್ಪ್ಯಾನರ್ ಸೆಟ್ಟನ್ನು ಗೋಣಿಯಲ್ಲಿ ಕಟ್ಟಿಕೊಟ್ಟ. ಮೊರಬದಲ್ಲಿ ಸಾವಕಾರ ಶಂಭುಲಿಂಗಪ್ಪನ ಎರಡು ಟ್ರ್ಯಾಕ್ಟರಿಗೆ ಒಬ್ಬ ನಂಬಿಗಸ್ತ ಆಳು ಬೇಕಾಗಿತ್ತು. ಹೊಳೆಯಪ್ಪ ಸೇರಿಕೊಂಡ. ಅಷ್ಟರೊಳಗೆ ಶಲವಡಿಯ ರೇಣುಕವ್ವನೊಡನೆ ಮದುವೆಯೂ ಆಗಿತ್ತು. ಆಕೆ ನಾಲ್ಕನೆಯ ಇಯತ್ತೆ ಓದಿದವಳು, ಕುರಿಯ ಹಿಂದೆ ಅಡ್ಡಾಡಿ ಕುಂದಗೋಳದಿಂದ ನವಲಗುಂದದವರೆಗಿನ ಗಾಡಿದಾರಿಯನ್ನೆಲ್ಲ ಅಂಗೈಯಲ್ಲಿ ಇಟ್ಟುಕೊಂಡವಳು. ಮಾತು ಕಡಿಮೆ. ಆಡಿದ್ದು ಮಾತ್ರ ನೇರವಾಗಿ ಹೋಗಿ ನಾಟುತ್ತಿತ್ತು.

ಎಂಬತ್ಮೂರರ ಮಳೆಗಾಲದಲ್ಲಿ ಸಾವಕಾರನ ಜೀಪು ಬೆಣ್ಣಿಹಳ್ಳದಲ್ಲಿ ಮಗುಚಿತು. ಒಳಗಿದ್ದವರು ಈಜಿ ಪಾರಾದರು, ಜೀಪಿನ ಮೈ ಮಾತ್ರ ಅಪ್ಪಚ್ಚಿಯಾಯಿತು. ಚಾಸಿ ನೆಟ್ಟಗಿತ್ತು, ಹುಬ್ಬಳ್ಳಿಯಲ್ಲಿ ಹೊಸದಾಗಿ ಕೂಡಿಸಿದ್ದ ಡೀಸೆಲ್ ಎಂಜಿನ್ನು ಮಣ್ಣು ತೊಳೆದ ಮೇಲೆ ಮೊದಲಿನಂತೆಯೇ ಗುಡುಗಿತು. ಸಾವಕಾರನಿಗೆ ಒಂದು ಹಿಟ್ಟಿನ ಗಿರಣಿ ಹಾಕುವ ಆಲೋಚನೆಯಿತ್ತು. ಕರೆಂಟು ಬಂದರೆ ಬಂತು, ಇಲ್ಲವಾದರೆ ಇಲ್ಲ ಎನ್ನುವ ಕಾಲ. ಗಿರಣಿಗೆ ಈ ಎಂಜಿನ್ನೇ ಸರಿ ಎಂದುಕೊಂಡ. ಹೊಳೆಯಪ್ಪನ ತಲೆಯಲ್ಲಿ ಬೇರೆಯದೇ ತಿರುಗುತ್ತಿತ್ತು.

“ಸಾವಕಾರ್ರ, ಗಿರಣಿ ಮನಿ ಕಟ್ಟಾಕ ಇನ್ನೂ ಎರಡು ವರ್ಷ ಬೇಕು. ಅಲ್ಲೀತನ ಈ ಎಂಜಿನ್ ನನ್ನ ಕಡೆ ಇರಲ್ರಿ. ಒಂದು ಗಾಡಿ ಕಟ್ತೀನಿ,” ಎಂದ.

“ಎಂಥಾ ಗಾಡಿಲೇ?”

“ಓಡೂ ಗಾಡಿರಿ.”

ಶಂಭುಲಿಂಗಪ್ಪ ನಕ್ಕ. ಕೆಟ್ಟ ಮನುಷ್ಯನಲ್ಲ, ಆದರೆ ಯಾವುದನ್ನೂ ಸುಮ್ಮನೆ ಕೊಟ್ಟು ಗೊತ್ತಿಲ್ಲ. “ಕಟ್ಟು. ಓಡಸು. ಎಲ್ಲೆರೆ ಪಂದ್ಯದಾಗ ಗೆದ್ದು ಕಪ್ ತಂದೆಂದ್ರ ಎಂಜಿನ್ ನಿಂದು. ತರಲಿಲ್ಲಂದ್ರ ನೀನ ಬಿಚ್ಚಿ, ನೀನ ತಂದು ಗಿರಣ್ಯಾಗ ಕೂಡಸು. ಆತಿಲ್ಲೊ?”

“ಆತ್ರಿ,” ಎಂದ ಹೊಳೆಯಪ್ಪ. ಎಂಜಿನ್ನು ಹೋದರೆ ಗಾಡಿಯೂ ಹೋಯಿತು ಎಂಬುದನ್ನು ಆಗ ಯಾರೂ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಕಾರಿನ ನಕ್ಷೆಯನ್ನು ಅವನು ಕಾಗದದ ಮೇಲೆ ಬರೆಯಲಿಲ್ಲ. ಎತ್ತಿನ ಗಾಡಿಯನ್ನೇ ನೋಡಿ ನೋಡಿ ಕಟ್ಟಿದ. ಗಾಡಿಗೆ ಹೇರು ಹಾಕುವವನಿಗೆ ಗೊತ್ತಿರುತ್ತದೆ: ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಾದರೆ ನೊಗ ಮೇಲೇಳುತ್ತದೆ, ಅಚ್ಚಿನ ಮೇಲೆ ಬಂದರೆ ಮಾತ್ರ ಗಾಡಿ ಹಗುರ. ಹಾಗಾಗಿ ಎಂಜಿನ್ನನ್ನು ಒಂದು ಮೊಳ ಹಿಂದಕ್ಕೆ ಸರಿಸಿದ. ಕೂರುವ ಜಾಗವನ್ನು ಹಿಂದಿನ ಅಚ್ಚಿನ ಹತ್ತಿರಕ್ಕೆ ಒಯ್ದ. ಬಾಗಿಲು, ಚಾವಣಿ, ಗಾಜು ಯಾವುದೂ ಇಲ್ಲ. ತಗಡಿನ ಮೈ ಸೊಂಟದೆತ್ತರಕ್ಕೆ ನಿಂತಿತು.

ಅವನ ನಿಜವಾದ ಬುದ್ಧಿ ಕಂಡದ್ದು ಗಾಲಿಗಳಲ್ಲಿ. ಎರೆಹೊಲದ ದಾರಿಯಲ್ಲಿ ಗಾಡಿಗಳು ಓಡಾಡಿ ಎರಡು ಆಳವಾದ ಜಾಡು ಬಿದ್ದಿರುತ್ತವೆ. ಜೀಪಿನ ಗಾಲಿ ಆ ಅಗಲಕ್ಕೆ ಹೊಂದುವುದಿಲ್ಲ. ಒಂದು ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ, ಹೀಗೆ ಕುಂಟುತ್ತ ಹೋಗುತ್ತದೆ. ಹೊಳೆಯಪ್ಪ ಊರ ಗಾಡಿಗಳ ಜಾಡಿಗೆ ಹಗ್ಗ ಹಿಡಿದು ಅಳೆದ. ಮಹಬೂಬಸಾಬನ ಗ್ಯಾರೇಜಿನಲ್ಲಿ ಕಬ್ಬಿಣದ ಬಿಲ್ಲೆಗಳನ್ನು ಕಡೆಯಿಸಿ ಗಾಲಿಗಳನ್ನು ಅಷ್ಟೇ ಅಗಲಕ್ಕೆ ಹೊರಗೆ ತಂದ. ಮೊದಲ ಸಲ ಓಡಿಸಿದ ದಿನ ಕಾರು ತಿರ್ಲಾಪುರದ ದಾರಿಯ ಜಾಡಿನೊಳಗೆ ಇಳಿದು ಬಾಣದಂತೆ ಹೋಯಿತು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ನಿಂತರು. ಅವನಿಗೆ ಅಂದು ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವನು ರೇಣುಕವ್ವನ ಎದುರಿಗೇ ಹೇಳಿ ಅಂದಿನ ಊಟ ತಡವಾಗಿ ಉಂಡ.

ಎಂಬತ್ತೈದರ ಕೊನೆಗೆ ಹುಬ್ಬಳ್ಳಿಯ ಒಂದು ಮೋಟಾರು ಕ್ಲಬ್ಬಿನವರು ರ್‍ಯಾಲಿ ಇಟ್ಟರು. ಹುಬ್ಬಳ್ಳಿಯಿಂದ ಹೊರಟು ಕುಂದಗೋಳ, ಅಣ್ಣಿಗೇರಿ, ಶಲವಡಿ, ತಿರ್ಲಾಪುರ, ಮೊರಬ ಮುಟ್ಟಿ ಮತ್ತೆ ಹುಬ್ಬಳ್ಳಿ. ಹೆಚ್ಚಿನ ದಾರಿ ಹೊಲದ ನಡುವೆ. ಬೆಂಗಳೂರು, ಪುಣೆಯ ಕಡೆಯಿಂದಲೂ ಗಾಡಿಗಳು ಬರುತ್ತವೆ, ಮನೆಯಲ್ಲಿ ಕಟ್ಟಿದ ಗಾಡಿಯಾದರೂ ಕಾಗದಪತ್ರ ಸರಿಯಿದ್ದರೆ ಸೇರಿಸಿಕೊಳ್ಳುತ್ತಾರೆ ಎಂದು ಮಹಬೂಬಸಾಬ ಸುದ್ದಿ ತಂದ. ಜೀಪಿನ ಕಾಗದಗಳು ಸಾವಕಾರನ ಪೆಟ್ಟಿಗೆಯಲ್ಲಿ ಹುಳ ಹಿಡಿಯದೆ ಇದ್ದವು.

ಪಂದ್ಯದ ಕಟ್ಟಳೆಯನ್ನು ಕ್ಲಬ್ಬಿನವರು ಎರಡೆರಡು ಸಲ ಬಿಡಿಸಿ ಹೇಳಿದ್ದರು. ದಾರಿಯಲ್ಲಿ ಹೊತ್ತು ಬರೆದುಕೊಳ್ಳುವ ಠಾಣೆಗಳಿವೆ, ಪ್ರತಿ ಠಾಣೆಗೂ ಇಷ್ಟು ಹೊತ್ತಿಗೆ ಮುಟ್ಟಬೇಕೆಂದು ನಿಗದಿಯಿದೆ. ತಡವಾದರೆ ನಿಮಿಷಕ್ಕೆ ಒಂದು ಅಂಕ ದಂಡ. ಬೇಗ ಬಂದರೆ ನಿಮಿಷಕ್ಕೆ ಎರಡು. ಠಾಣೆಗೆ ಇನ್ನೂರು ಹೆಜ್ಜೆ ಮೊದಲು ಹಳದಿ ಬಾವುಟ ಇರುತ್ತದೆ. ಹೊತ್ತಾಗಿರದಿದ್ದರೆ ಬಾವುಟ ದಾಟುವ ಮೊದಲೇ ನಿಂತು ಕಾಯಬೇಕು, ದಾಟಿದ ಮೇಲೆ ನಿಲ್ಲುವಂತಿಲ್ಲ. ಒಟ್ಟು ದಂಡ ಯಾರಿಗೆ ಕಡಿಮೆಯೋ ಅವರಿಗೆ ಕಪ್ಪು.

“ಇದೆಂಥಾ ಓಟ್ರಿ ಉಸ್ತಾದ್? ಜೋರ್ ಓಡಿದಾವಗ ದಂಡ?” ಎಂದ ಹೊಳೆಯಪ್ಪ.

“ಅರೆ ಭಾಯಿ, ಇದು ಗಡಿಯಾರದ ಓಟ. ಬಾಜು ಗಡಿಯಾರ ನೋಡಾವರು ಒಬ್ರು ಕುಂದ್ರಬೇಕು. ನನ್ನ ಕಣ್ಣಾಗ ಪೊರಿ ಬಂದೈತಿ. ರೇಣುಕವ್ವನ್ನ ಕುಂದ್ರಿಸ್ಕೊ. ಆಕೀಗೆ ದಾರಿ ಗೊತ್ತು, ಗಡಿಯಾರಾನೂ ಗೊತ್ತು. ಮ್ಯಾಲ ನಿನಗ ಅಂಜೂದಿಲ್ಲ,” ಎಂದ ಮಹಬೂಬಸಾಬ.

ಹಾಗೆ ರೇಣುಕವ್ವ ಮಡಿಲಲ್ಲಿ ಅಲಾರಂ ಗಡಿಯಾರ ಇಟ್ಟುಕೊಂಡು, ಅದರ ಹಿಡಿಕೆಗೆ ಸೆರಗಿನ ಚುಂಗು ಗಂಟು ಹಾಕಿಕೊಂಡು ಕುಳಿತಳು. ದಾರಿಯ ಪುಸ್ತಕದಲ್ಲಿ ಇದ್ದದ್ದು ಬಾಣದ ಗುರುತುಗಳು. ಓದಲು ಅಂಥ ವಿದ್ಯೆ ಬೇಕಾಗಿರಲಿಲ್ಲ.

ಬೆಳಗಿನ ಪಂದ್ಯ ಚೆನ್ನಾಗಿಯೇ ನಡೆಯಿತು. ಕುಂದಗೋಳಕ್ಕೆ ಐದು ನಿಮಿಷ ಮೊದಲೇ ಬಂದರು. ರೇಣುಕವ್ವ “ನಿಂದ್ರಸ್ರಿ” ಅಂದಳು, ಬೇವಿನ ಮರದ ಕೆಳಗೆ ನಿಂತರು. ಅಣ್ಣಿಗೇರಿಯ ಹೊರಗೆ ಹತ್ತಿಯ ಗಿರಣಿಯ ಗೋಡೆಯ ಮರೆಯಲ್ಲಿ ಎಂಟು ನಿಮಿಷ ನಿಂತರು. ಶಲವಡಿಯ ಹೊತ್ತಿಗೆ ಒಂದು ಹಳ್ಳ ತೊಂದರೆ ಕೊಟ್ಟು ನಾಲ್ಕು ನಿಮಿಷ ತಡವಾಯಿತು. ಉಳಿದ ಗಾಡಿಗಳಿಗೆ ಅಲ್ಲೇ ಇಪ್ಪತ್ತು, ಮೂವತ್ತು ತಡ. ತಿರ್ಲಾಪುರದಲ್ಲಿ ಠಾಣೆಯಿರಲಿಲ್ಲ, ಶಲವಡಿಯಿಂದ ಮೊರಬದವರೆಗೆ ದಾರಿ ಪೂರಾ ಗಾಡಿ ಜಾಡು. ಕ್ಲಬ್ಬಿನವರು ತಮ್ಮ ಜೀಪಿನಲ್ಲಿ ಕುಂಟುತ್ತ ಬಂದು ಅದಕ್ಕೆ ಹೊತ್ತು ಗೊತ್ತುಮಾಡಿದ್ದರು. ಹೊಳೆಯಪ್ಪನ ಕಾರು ಜಾಡಿಗೆ ಇಳಿದದ್ದೇ ತಡ, ಮೊರಬದ ಅಗಸಿ ಕಾಣುವವರೆಗೆ ಮೇಲೆ ಏಳಲಿಲ್ಲ.

ಹಳದಿ ಬಾವುಟ ನೆಟ್ಟಿದ್ದು ಅವನು ಹದಿನೇಳು ವರ್ಷದ ಹಿಂದೆ ಗೊಂಡೆ ಹೊತ್ತು ನಡೆದ ಅದೇ ದಾರಿಯಲ್ಲಿ. ಬಾವುಟದಿಂದ ಅಗಸಿಯವರೆಗೆ ಎರಡೂ ಬದಿಗೆ ಊರಿಗೆ ಊರೇ ನಿಂತಿತ್ತು. ಡೊಳ್ಳಿನವರು ಬಂದಿದ್ದರು. ಅಗಸಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಶಂಭುಲಿಂಗಪ್ಪ ಕುಳಿತಿದ್ದ. ಅದುವರೆಗೆ ಬೇರೆ ಒಂದು ಗಾಡಿಯೂ ಬಂದಿರಲಿಲ್ಲ.

“ನಿಂದ್ರಸ್ರಿ. ಇನ್ನೂ ಹದಿನೆಂಟು ನಿಮಿಷ ಐತಿ,” ಎಂದಳು ರೇಣುಕವ್ವ.

ಅವನು ನಿಲ್ಲಿಸಿದ. ಎಂಜಿನ್ನು ಗುರುಗುಡುತ್ತಿತ್ತು. ಡೊಳ್ಳು ಶುರುವಾದದ್ದು ಅಲ್ಲಿಗೇ ನಿಂತಿತು. ಬಂದವನು ಬಾರದೆ ಏಕೆ ನಿಂತ ಎಂದು ಜನಕ್ಕೆ ಅರ್ಥವಾಗಲಿಲ್ಲ. ಗಡಿಯಾರದ ಕಟ್ಟಳೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

“ಯಾಕಲೇ ಹೊಳೆಪ್ಪಾ, ಎತ್ತ ನಿಂತ್ವೇನು?” ಎಂದು ಯಾರೋ ಕೂಗಿದರು. ನಗು ಎದ್ದಿತು. ಹೊಳೆಯಪ್ಪ ಸ್ಟಿಯರಿಂಗ್ ಚಕ್ರವನ್ನು ಬಿಗಿಯಾಗಿ ಹಿಡಿದ. ಕಟ್ಟೆಯ ಮೇಲೆ ಸಾವಕಾರ ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಹಿಂದೆ, ತಿರ್ಲಾಪುರದ ಕಡೆ, ಇನ್ನೊಂದು ಗಾಡಿಯ ಧೂಳು ಎದ್ದಿತ್ತು.

“ಹದಿನೇಳು,” ಎಂದಳು ರೇಣುಕವ್ವ. “ಮಂದಿ ಕಡೆ ನೋಡಬ್ಯಾಡ್ರಿ. ಗಡಿಯಾರ ನೋಡ್ರಿ.”

ಆಗ ಗುಂಪಿನ ಹಿಂದಿನಿಂದ ಒಂದು ಮುದಿ ದನಿ ಬಂತು: “ಗೊಂಡೇ ಬಿಚ್ಚಲೇ ಹೊಳೆಪ್ಪಾ, ಗೊಂಡೇ ಬಿಚ್ಚು!” ಅದರ ಬೆನ್ನಿಗೇ ಕೂಕಿ. ಮೊದಲು ಒಬ್ಬರು, ಆಮೇಲೆ ಹತ್ತು ಮಂದಿ, ಆಮೇಲೆ ದಾರಿಯ ಎರಡೂ ಬದಿ.

ರೇಣುಕವ್ವ ಗೇರಿನ ಮೇಲಿದ್ದ ಅವನ ಎಡಗೈಯನ್ನು ಹಿಡಿದಳು. “ಎಂಜಿನ್ ಬೇಕೋ ಬ್ಯಾಡೋ?” ಎಂದಳು. ಬೇಕಿತ್ತು. ಜೀವಕ್ಕಿಂತ ಹೆಚ್ಚು ಬೇಕಿತ್ತು. ಕಟ್ಟಳೆಯೂ ಗೊತ್ತಿತ್ತು, ದಂಡವೂ ಗೊತ್ತಿತ್ತು. ಅವನು ಅವಳ ಕೈ ಕೊಡವಿ ಗೇರು ಹಾಕಿದ.

ಕಾರು ಬಾವುಟ ದಾಟಿದ್ದೇ ಕೂಕಿ ಹೋಗಿ ಕೇಕೆಯಾಯಿತು. ಡೊಳ್ಳು ಬಿದ್ದವು, ಭಂಡಾರ ಹಾರಿತು, ಗಂಡ ಹೆಂಡತಿ ಇಬ್ಬರೂ ಅರಿಶಿನದಲ್ಲಿ ಮುಳುಗಿದರು. ಮೇಜಿನ ಬಳಿ ಇದ್ದ ಅಧಿಕಾರಿ ಹೊತ್ತು ಬರೆದುಕೊಂಡು, ತಲೆಯೆತ್ತಿ, “ಯಾಕ್ರೀ ಇಷ್ಟು ಲಗೂನ ಬಂದ್ರಿ?” ಎಂದು ಕೇಳಿದ. ಓಟಗಾರನಿಗೆ ಕೇಳುವ ಪ್ರಶ್ನೆಯೇ ಇದು ಎಂದು ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಹೊಳೆಯಪ್ಪ ನಗಲಿಲ್ಲ.

ಹುಬ್ಬಳ್ಳಿಯಲ್ಲಿ ಸಂಜೆ ಫಲಿತಾಂಶ ಓದಿದರು. ಗೆದ್ದವನಿಗೆ ಇಪ್ಪತ್ತೊಂಬತ್ತು ಅಂಕ ದಂಡ. ಹೊಳೆಯಪ್ಪನಿಗೆ ಶಲವಡಿಯ ನಾಲ್ಕು, ಮೊರಬದ ಮೂವತ್ತನಾಲ್ಕು, ಕೂಡಿ ಮೂವತ್ತೆಂಟು. ಐದನೆಯ ಸ್ಥಾನ. ಕ್ಲಬ್ಬಿನ ಹಿರಿಯನೊಬ್ಬ ಅವನ ಕಾರನ್ನು ಎರಡು ಸಲ ಸುತ್ತಿ, ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, “ಈ ಅಗಲ ಯಾರಿಗೆ ಹೊಳೀತು?” ಎಂದು ಕೇಳಿದ.

“ನಮ್ಮೂರ ಎತ್ತಿನ ಗಾಡಿದ್ರಿ ಸಾಹೇಬ್ರ.”

“ಒಂದು ಕಡೆ ನಿಂತಿದ್ದರ ಕಪ್ ನಿಮ್ಮದಾಗಿತ್ತು,” ಎಂದ ಹಿರಿಯ. ಹೊಗಳಿಕೆಯ ಮಾತೇ ಅದು. ಹೊಳೆಯಪ್ಪನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಊರಿಗೆ ಮರಳಿದ ಮೇಲೆ ರೇಣುಕವ್ವ ಗಡಿಯಾರಕ್ಕೆ ಕೀಲಿ ಕೊಟ್ಟು ಗೂಡಿನಲ್ಲಿಟ್ಟಳು, ಅಷ್ಟೇ.

ಮರುದಿನ ಮುಂಜಾನೆ ಶಂಭುಲಿಂಗಪ್ಪ ತಾನೇ ಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ತೆಂಗಿನಕಾಯಿ. “ಕಣ್ಣಾರೆ ನೋಡೀನಲೇ, ಎಲ್ಲಾರಿಗಿಂತ ಮೊದ್ಲ ಬಂದಿ. ಕಪ್ ಆಮ್ಯಾಲ ಕಳಸ್ತಾರೇನು? ಕಳಸವಲ್ರ್ಯಾಕ, ಎಂಜಿನ್ ನಿಂದು,” ಎಂದ.

ಹೊಳೆಯಪ್ಪ ಹೌದ್ರಿ ಎಂದರೆ ಸಾಕಿತ್ತು. ಅವನ ಮನಸ್ಸು ಅತ್ತ ಹೋಯಿತು ಎಂಬುದನ್ನು ಮುಚ್ಚಿಡುವುದು ಬೇಡ. ಒಳಗೆ ರೇಣುಕವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದ್ದು ಅವನಿಗೆ ಕೇಳಿಸಿತು.

“ಕಪ್ ಬರೂದಿಲ್ರಿ ಸಾವಕಾರ್ರ. ಐದನೇದಾವ ಆಗೀನಿ,” ಎಂದು ಹೇಳಿ, ಗಡಿಯಾರದ ಕಟ್ಟಳೆಯನ್ನೆಲ್ಲ ಬಿಡಿಸಿಟ್ಟ.

ಸಾವಕಾರ ಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ನಿಂತಿದ್ದರ ಗೆಲ್ತಿದ್ದೆ?”

“ಹೌದ್ರಿ.”

“ಮತ್ಯಾಕ ನಿಂದ್ರಲಿಲ್ಲ?”

“ಮಂದಿ ಕೂಕಿ ಹೊಡದ್ರು.”

ತಾನೂ ಆಗ ಕುರ್ಚಿಯಿಂದ ಎದ್ದು ನಿಂತದ್ದು ಸಾವಕಾರನಿಗೆ ನೆನಪಾಗಿರಬೇಕು. “ಮಾತು ಮಾತ ನೋಡು. ಸೋಮವಾರ ಗಿರಣಿಗೆ ತಂದು ಕೂಡಸು,” ಎಂದು ಕಾಯಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಸೋಮವಾರ ಹೊಳೆಯಪ್ಪ ತಾನೇ ಬಿಚ್ಚಿ, ತಾನೇ ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಕೂಡಿಸಿದ. ಬೆಲ್ಟು ಹಾಕಿದ ಮೇಲೆ ಎಂಜಿನ್ನು ಜೋಳ ಬೀಸತೊಡಗಿತು. ಅದಕ್ಕೇನೂ ಬೇಸರವಿದ್ದಂತೆ ಕಾಣಲಿಲ್ಲ.

ಸಾವಕಾರ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಎಂಜಿನ್ನು ಗಿರಣಿಗೆ ಹೋದದ್ದಕ್ಕೆ ಊರೇ ಒಂದು ಕಥೆ ಹೊಂದಿಸಿಕೊಂಡಿತು: ಹುಬ್ಬಳ್ಳಿಯವರು ಮೋಸ ಮಾಡಿದರು, ಹಳ್ಳಿಯವನು ಮೊದಲು ಬಂದದ್ದನ್ನು ಸಹಿಸದೆ ಕಪ್ಪು ತಪ್ಪಿಸಿದರು. ಚಹಾದಂಗಡಿಯಲ್ಲಿ ಈ ಮಾತು ಬಂದಾಗಲೆಲ್ಲ ಹೊಳೆಯಪ್ಪ ಹೌದು ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಬಸಿಯಲ್ಲಿನ ಚಹಾ ಊದುತ್ತ ಕುಳಿತ. ತಾನು ಹೀಗೆ ಬಾಯಿ ಬಿಡದೆ ಕುಳಿತದ್ದು ಹೆಂಡತಿಗೂ ಗೊತ್ತು ಎಂಬುದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಹಿತ್ತಿಲಲ್ಲಿ ಉಳಿದ ಕಾರಿನ ತಗಡಿನ ಮೇಲೆ ಅವಳು ಮೆಣಸಿನಕಾಯಿ ಒಣ ಹಾಕತೊಡಗಿದಳು. ಗಿರಣಿಯನ್ನು ನಡೆಸುವ ಕೆಲಸ ಅವನಿಗೇ ಬಂತು. ದಿನವೂ ಅದೇ ಎಂಜಿನ್ನಿನ ಪಕ್ಕದಲ್ಲಿ, ಎಲ್ಲಿಗೂ ಹೋಗದೆ.

ಮರುವರ್ಷ ರ್‍ಯಾಲಿ ಮತ್ತೆ ಅದೇ ದಾರಿಯಲ್ಲಿ ಬಂತು. ಊರು ಮತ್ತೆ ಅಗಸಿಯ ಮುಂದೆ ಸೇರಿತು. ಹೊಳೆಯಪ್ಪ ನೋಡಲು ಹೋಗಲಿಲ್ಲ, ಗಿರಣಿಯಲ್ಲಿ ಗೋಧಿ ಬೀಸುತ್ತಿದ್ದ. ಇದ್ದಕ್ಕಿದ್ದಂತೆ ಹೊರಗಿನಿಂದ ಕೂಕಿ ಕೇಳಿಸಿತು. ಅವನು ಎಂಜಿನ್ನು ಆರಿಸಿ, ತಲೆಯ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಹೊರಬಂದ.

ಹಳದಿ ಬಾವುಟದ ಆಚೆ ಒಂದು ಬಿಳಿ ಕಾರು ನಿಂತಿತ್ತು. ಒಳಗೆ ಬೆಂಗಳೂರಿನ ಇಬ್ಬರು ಹುಡುಗರು, ಒಬ್ಬನ ಕಣ್ಣು ಕೈಗಡಿಯಾರದ ಮೇಲೆ. ಎರಡೂ ಬದಿಯಿಂದ ಕೂಕಿ, ನಗು, ಎತ್ತು ನಿಂತವೇನೋ ಎಂಬ ಮಾತು. ಚಕ್ರ ಹಿಡಿದಿದ್ದ ಹುಡುಗನ ಮುಖ ಕೆಂಪಾಗಿತ್ತು. ಅವನ ಕೈ ಗೇರಿನ ಮೇಲೆ ಹೋದದ್ದು ಹೊಳೆಯಪ್ಪನಿಗೆ ಕಾಣಿಸಿತು.

ಹೊಳೆಯಪ್ಪ ನೇರವಾಗಿ ನಡೆದು ಹೋಗಿ ಕಾರಿನ ಮುಂದೆ, ಅದಕ್ಕೆ ಬೆನ್ನು ಮಾಡಿ, ಊರಿಗೆ ಮುಖ ಮಾಡಿ ನಿಂತ.

“ಬಾಯಿ ಮುಚ್ಚರಿ!” ಎಂದು ಕೂಗಿದ. ಅವನು ಕೂಗಿದ್ದನ್ನು ಊರು ಅದುವರೆಗೆ ಕೇಳಿರಲಿಲ್ಲ. “ಇವರ ಎತ್ತ ನಿಂತಿಲ್ಲ. ಹೊತ್ತಾಗೂಮಟ ನಿಂದ್ರೂದೂ ಈ ಓಟದಾಗ ಬರ್ತೈತಿ. ನನಗ ಹ್ವಾದ ವರ್ಷನೂ ಗೊತ್ತಿತ್ತು. ಇಲ್ಲೇ, ಇದ ಜಾಗಾದಾಗ, ಹದಿನೆಂಟು ನಿಮಿಷ ನಿಂದ್ರಬೇಕಾಗಿತ್ತು. ನೀವು ಕೂಕಿ ಹೊಡದ್ರಿ, ನಾ ಅಂಜಿ ಓಡಿಸಿದೆ. ಹುಬ್ಬಳ್ಳಿಯವರು ಮೋಸ ಮಾಡಿಲ್ಲ. ನಾನ ಕಳಕೊಂಡೆ.”

ಕೂಕಿ ನಿಂತಿತು. ಕಟ್ಟೆಯ ಮೇಲಿದ್ದ ಶಂಭುಲಿಂಗಪ್ಪ ಈ ಸಲ ಕುರ್ಚಿಯಿಂದ ಏಳಲಿಲ್ಲ. ಕಾರಿನೊಳಗಿನ ಹುಡುಗರಿಗೆ ಈ ಹಿಟ್ಟು ಮೆತ್ತಿದ ಮನುಷ್ಯ ಯಾರು, ಯಾರನ್ನು ಬೈಯುತ್ತಿದ್ದಾನೆ ಎಂಬುದು ಗೊತ್ತಾಗಲಿಲ್ಲ. ಗೇರಿನ ಮೇಲಿನ ಕೈ ಮಾತ್ರ ಹಿಂದಕ್ಕೆ ಹೋಯಿತು.

ಅವರ ಹೊತ್ತಿಗೆ ಇನ್ನೂ ಒಂಬತ್ತು ನಿಮಿಷವಿತ್ತು. ಹೊಳೆಯಪ್ಪ ಒಂಬತ್ತೂ ನಿಮಿಷ ಅಲ್ಲೇ ನಿಂತ. ಮೊದಮೊದಲು ಎಲ್ಲರ ಕಣ್ಣು ಮೈಮೇಲೆ ಹರಿದಾಡಿದಂತೆ ಕಸಿವಿಸಿಯಾಯಿತು. ನಾಲ್ಕನೆಯ ನಿಮಿಷಕ್ಕೆ ಅದು ಹೋಯಿತು. ಅಷ್ಟು ಸುಲಭವೇ ಇದು, ಹೋದ ವರ್ಷವೂ ಇಷ್ಟೇ ಇತ್ತಲ್ಲ ಎಂದುಕೊಂಡ. ಹೊತ್ತಾಯಿತು ಎಂದು ಹುಡುಗರು ಹಾರ್ನು ಮಾಡಿದಾಗ ಬದಿಗೆ ಸರಿದ. ಕಾರು ಬಾವುಟ ದಾಟಿ ಹೋಯಿತು.

ತಿರುಗಿ ನೋಡಿದರೆ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ರೇಣುಕವ್ವ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು.

“ನಿಂತ್ರಿ, ಛಲೋ ಆತು,” ಎಂದಳು. “ಆದ್ರ ಬರೋಬರಿ ಒಂದು ವರ್ಷ ತಡಾ ಮಾಡಿದ್ರಿ. ಇದಕ್ಕ ಎಷ್ಟು ಅಂಕ ದಂಡ ಹಾಕ್ತಾರ, ಕೇಳ್ರಿ ಒಂದೀಟು.”

ಹೊಳೆಯಪ್ಪ ನಕ್ಕ. ಕಣ್ಣಲ್ಲಿ ನೀರೂ ಬಂತು. ಹಿಟ್ಟಿನ ಕೈಯಿಂದ ಒರೆಸಿಕೊಂಡದ್ದರಿಂದ ಮುಖವೆಲ್ಲ ರಾಡಿಯಾಯಿತು. ಗಿರಣಿಯ ಮುಂದೆ ಗೋಧಿ ತಂದವರು ಕಾಯುತ್ತಿದ್ದರು. ಅವನು ಹೋಗಿ ಎಂಜಿನ್ನು ಶುರು ಮಾಡಿದ.